ಕೆರೆ ನುಂಗಿದ ಊರಲ್ಲಿ ಇನ್ನೊಂದು ಕ್ರೀಡಾಂಗಣ

ಗೆಳೆಯರೇ, ಕಂಠೀರವ ಕ್ರೀಡಾಂಗಣದಲ್ಲಿ ಕೂತು ಫುಟ್‌ಬಾಲ್ ನೋಡಿದ್ದೀರಲ್ಲವೇ? ನೀವು ಕೂತದ್ದು ಸಂಪಂಗಿ ಕೆರೆಯ ಒಡಲ ಮೇಲೆ! ಊರಿಗೆ ನೀರು ಕೊಟ್ಟ ಆ ಕೆರೆಯಲ್ಲಿ ಇಂದು ಉಳಿದಿರುವುದು ಕರಗದ ಪೂಜೆಗೆಂದು ಬಿಟ್ಟ ಒಂದು ಪುಟ್ಟ ಹೊಂಡ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಮೈದಾನವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆ ವಸತಿ ಕಟ್ಟಿದ್ದು ಕೋರಮಂಗಲದ ಕೆರೆಯಂಗಳದಲ್ಲಿ. ಆಟದ ಹೆಸರಲ್ಲಿ ಮೂರು ಕೆರೆ ಮಾಯ!

ಈಗ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80 ಸಾವಿರ ಜನ ಕೂರುವ ಕ್ರೀಡಾಂಗಣಕ್ಕೆ 2025ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಬರಲಿ. ನಾವೇನೂ ಆಟದ ವೈರಿಗಳಲ್ಲ. ಆದರೆ ಕೇಳಬೇಕಾದ್ದನ್ನು ಅಡಿಪಾಯಕ್ಕೆ ಮೊದಲೇ ಕೇಳಬೇಕು. ಕಾಂಕ್ರೀಟ್ ಸುರಿದ ಮೇಲೆ ಕೂಗಿ ಏನು ಬಂತು?

ಹಳೆಯ ಕಟ್ಟಡವೂ ತಿದ್ದಿಕೊಳ್ಳಬಲ್ಲದು ಎಂದು ಚಿನ್ನಸ್ವಾಮಿ ಕ್ರೀಡಾಂಗಣ ತೋರಿಸಿದೆ. 2015ರಲ್ಲಿ ಅದರ ಚಾವಣಿ ಮೇಲೆ ಸುಮಾರು 400 ಕಿಲೋವ್ಯಾಟ್‌ನ ಸೌರಫಲಕಗಳು ಬಂದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಾಗ, ಆ ಮೈದಾನದ ಹುಲ್ಲಿಗೆ ಜಲಮಂಡಳಿ ಒದಗಿಸಿದ್ದು ಶುದ್ಧೀಕರಿಸಿದ ಕೊಳಚೆ ನೀರು. ಹಳೆಯದಕ್ಕೆ ಸಾಧ್ಯವಾದದ್ದು ಹೊಸದಕ್ಕೆ ಏಕಾಗದು?

ಆದ್ದರಿಂದ ನಾಲ್ಕು ಪ್ರಶ್ನೆ ಕೇಳೋಣ.

ಒಂದು: ನೆಲ. ಅಲ್ಲಿನ ರಾಜಕಾಲುವೆ, ಕೆರೆಯಂಗಳಗಳ ನಕ್ಷೆಯನ್ನು ಜನರ ಮುಂದೆ ಇಡುತ್ತೀರಾ?

ಎರಡು: ನೀರು. ಒಂದು ಹೆಕ್ಟೇರ್ ಚಾವಣಿ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಅದನ್ನು ಹಿಡಿದಿಡುತ್ತೀರಾ, ಇಲ್ಲ ಹುಲ್ಲಿಗೂ ಕಾವೇರಿಯೇ ಬೇಕೋ?

ಮೂರು: ದಾರಿ. ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ಬಂದಿದೆ. ಅಲ್ಲಿಂದ ಬಾಗಿಲವರೆಗೆ ಬಸ್ಸೋ, ಅಥವಾ ಹತ್ತಾರು ಎಕರೆ ಕಾರ್ ನಿಲ್ದಾಣವೋ? ಪ್ರೇಕ್ಷಕರ ವಾಹನಗಳ ಹೊಗೆಯನ್ನು ಯಾವ ಸೌರಫಲಕವೂ ತೊಳೆಯದು.

ನಾಲ್ಕು: ಬಳಕೆ. ಪಂದ್ಯವಿಲ್ಲದ ದಿನಗಳಲ್ಲಿ ಆನೇಕಲ್ಲಿನ ಶಾಲಾ ಮಕ್ಕಳಿಗೆ ಬಾಗಿಲು ತೆರೆದಿರುತ್ತದೆಯೇ? ವರ್ಷದಲ್ಲಿ ಕೆಲವೇ ದಿನ ತುಂಬುವ ಸಿಮೆಂಟಿನ ಬೆಟ್ಟ, ಎಷ್ಟು ಹಸಿರು ಬಳಿದರೂ ದುಂದೇ.

ಗೆಳೆಯರೇ, ಸಿಕ್ಸರಿಗೆ ಗಂಟಲು ಹರಿಯುವಂತೆ ಕೂಗುತ್ತೀರಿ. ಅದೇ ಗಂಟಲಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ. ಸಂಪಂಗಿ ಕೆರೆ ಹೋದಾಗ ನಾವು ಹುಟ್ಟಿರಲಿಲ್ಲ. ಈಗ ಇದ್ದೇವೆ. ಇದ್ದೂ ಸುಮ್ಮನಿದ್ದರೆ ನಾಳೆ ನಮ್ಮ ಮಕ್ಕಳಿಗೆ ಏನು ಹೇಳುವುದು?