‘ಗಣಿತ ನನಗೆ ಬಾರದು’ ಎಂಬ ಹೆಮ್ಮೆ

ಹೊರನಾಡಿನ ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ: ‘ಗಣಿತ ನನಗೆ ಕಬ್ಬಿಣದ ಕಡಲೆ, ಆದ್ದರಿಂದಲೇ ಸಾಹಿತ್ಯಕ್ಕೆ ಬಂದೆ.’ ಸಭೆ ನಗುತ್ತದೆ, ಹೇಳಿದವರು ಉಬ್ಬುತ್ತಾರೆ. ಪಂಪನನ್ನು ಓದಿಲ್ಲವೆಂದು ಅದೇ ವೇದಿಕೆಯಲ್ಲಿ ಯಾರೂ ನಗುನಗುತ್ತ ಹೇಳಿಕೊಳ್ಳುವುದಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ನಾನೂ ಈ ಮಾತನ್ನು ಬಹುಕಾಲ ಆಡಿದವನೇ. ಅದು ವಿನಯವಲ್ಲ, ಸೋಗು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಹನ್ನೊಂದನೆಯ ತರಗತಿಯ ಮಗಳು ‘ವೈ = ಎಂಎಕ್ಸ್ + ಸಿ’ ಎಂಬ ಸರಳರೇಖೆಯ ಸಮೀಕರಣದ ಲೆಕ್ಕಗಳನ್ನು ಒಂದೂ ತಪ್ಪದೆ ಮಾಡಿ ಮುಗಿಸಿದ್ದಳು. ‘ಇದು ಏನು ಹೇಳುತ್ತೆ?’ ಎಂದು ಕೇಳಿದೆ. ‘ಏನೂ ಹೇಳಲ್ಲ ಅಪ್ಪಾ, ಅದು ಫಾರ್ಮುಲಾ ಅಷ್ಟೇ’ ಎಂದಳು. ಅವಳನ್ನು ದೂರುವಂತಿರಲಿಲ್ಲ. ಸಮೀಕರಣವೂ ಒಂದು ವಾಕ್ಯ, ಅದಕ್ಕೂ ಅರ್ಥವುಂಟು ಎಂದು ಶಾಲೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅರ್ಥ ನನ್ನ ಕಚೇರಿಯ ಕಡತದಲ್ಲೇ ಇತ್ತು. ಆರನೆಯ ವೇತನ ಆಯೋಗದ ನಂತರ, 2008ರಲ್ಲಿ, ಕೇಂದ್ರ ನೌಕರರ ಹೊಸ ವೇತನ ನಿಗದಿಯಾದ ಬಗೆ ಹೀಗೆ: ಹಳೆಯ ಮೂಲವೇತನವನ್ನು 1.86ರಿಂದ ಗುಣಿಸು, ಅದಕ್ಕೆ ಗ್ರೇಡ್ ಪೇ ಕೂಡಿಸು. 5000-150-8000ರ ಶ್ರೇಣಿಗೆ ಗ್ರೇಡ್ ಪೇ 4200. 5000 ಪಡೆಯುತ್ತಿದ್ದವರಿಗೆ 13,500 ಆಯಿತು. 6500 ಇದ್ದವರಿಗೆ 16,290. 8000 ಇದ್ದವರಿಗೆ 19,080. ಎಡಗಡೆ 1500ರ ಹೆಜ್ಜೆ ಇಟ್ಟಾಗಲೆಲ್ಲ ಬಲಗಡೆ 2790ರ ಏರಿಕೆ. ಸಮಾನ ಹೆಜ್ಜೆಗೆ ಸಮಾನ ಏರಿಕೆ: ರೇಖೆ ‘ಸರಳ’ವಾಗುವುದು ಇದರಿಂದಲೇ. 1.86 ಆ ರೇಖೆಯ ಇಳಿಜಾರು, ‘ಎಂ’. ಹಳೆಯ ವೇತನ ಎಷ್ಟೇ ಇರಲಿ, ಮೇಲೆ ಸೇರುವ 4200 ಅದರ ‘ಸಿ’. ಬೇರೆ ಗ್ರೇಡ್ ಪೇ ಇರುವ ಶ್ರೇಣಿಗೆ ಇಳಿಜಾರು ಅದೇ, ‘ಸಿ’ ಮಾತ್ರ ಬೇರೆ. ಅದು ಇದಕ್ಕೆ ಸಮಾನಾಂತರ ರೇಖೆ.

‘ಸಿ’ಯ ಮಹಿಮೆ ನೋಡಿ. 5000 ಇದ್ದವರ ವೇತನ 2.7 ಪಟ್ಟಾಯಿತು, 8000 ಇದ್ದವರದು ಸುಮಾರು 2.39 ಪಟ್ಟು. ಆ ಕೂಡಿಕೆ ಕೆಳಗಿದ್ದವರ ಪರವಾಗಿ ಕೆಲಸ ಮಾಡಿತ್ತು. 2016ರಿಂದ ಜಾರಿಗೆ ಬಂದ ಏಳನೆಯ ಆಯೋಗದ ಸೂತ್ರದಲ್ಲಿ ಪ್ರತ್ಯೇಕ ಕೂಡಿಕೆ ಇಲ್ಲ. ಗ್ರೇಡ್ ಪೇ ಒಳಗೊಂಡ ವೇತನಕ್ಕೆ 2.57ರ ಗುಣಕ ಅಷ್ಟೇ. ಕೋಷ್ಟಕದ ಮುಂದಿನ ಅಂಕಿಗೆ ಏರಿಸುವ ಸಣ್ಣ ವ್ಯತ್ಯಾಸ ಬಿಟ್ಟರೆ ಎಲ್ಲರಿಗೂ ಒಂದೇ ಪಟ್ಟು. ಆದರೆ ಇಬ್ಬರ ನಡುವೆ 10,000 ರೂಪಾಯಿಯ ಅಂತರವಿದ್ದರೆ ಅದೂ 25,700 ಆಗುತ್ತದೆ. ‘ಎಲ್ಲರಿಗೂ ಸಮಾನ’ ಎಂಬ ಮಾತು ಗುಣಕದ ಬಗೆಗೋ, ಕೂಡಿಕೆಯ ಬಗೆಗೋ ಎಂದು ಕೇಳಲು ಬಾರದವನು ಆ ಮಾತನ್ನು ಓದಿದ್ದಾನೆ ಎನ್ನಲಾಗದು. ಎಂಟನೆಯ ಆಯೋಗದ ಗುಣಕ ಎಷ್ಟಿರಬೇಕೆಂದು ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ವಾದಿಸುವ ನಾವು, ಕೂಡಿಕೆ ಏನಾಯಿತೆಂದು ಕೇಳಿದ್ದುಂಟೆ?

‘ಇದೆಲ್ಲ ಗುಮಾಸ್ತರ ಲೆಕ್ಕ, ಸಾಹಿತ್ಯಕ್ಕೇಕೆ?’ ಎನ್ನುವವರಿದ್ದಾರೆ. ಎರಡು ಉತ್ತರಗಳಿವೆ. ಮೊದಲನೆಯದು: ನಾವು ಬೆನ್ನು ತಟ್ಟಿಕೊಳ್ಳುವ ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಸಂಸ್ಕೃತದಲ್ಲಿ ರಚಿತವಾಯಿತು. 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲೇ ಬರೆದ. ಆ ಪರಂಪರೆಯ ಅರ್ಧವನ್ನು ಮಾತ್ರ ನಮ್ಮದೆಂದು ಹೇಳಿಕೊಂಡು ಉಳಿದರ್ಧವನ್ನು ಟ್ಯೂಷನ್ ಮಾಸ್ತರರಿಗೆ ಒಪ್ಪಿಸಿದ್ದೇವೆ. ಎರಡನೆಯದು: ಕವಿತೆಯ ಪದವೊಂದು ಯಾಕೆ ಅಲ್ಲೇ ಇದೆ ಎಂದು ಕೇಳುವ ಕಣ್ಣು, ‘ಸಿ’ ಯಾಕೆ ಅಲ್ಲಿದೆ ಎಂದು ಕೇಳುವಾಗ ಕುರುಡಾಗಬೇಕಿಲ್ಲ. ಎರಡೂ ಓದೇ.

ಶಾಲೆಯ ತಪ್ಪು ಇರುವುದು ಕ್ರಮದಲ್ಲಿ. ಅಲ್ಲಿ ಅಕ್ಷರಗಳು ಮೊದಲು, ಸಂಗತಿ ಆಮೇಲೆ, ಅದೂ ಸಮಯ ಉಳಿದರೆ. ಈ ಕ್ರಮವನ್ನು ಮನೆಯಲ್ಲಿ ತಿರುಗಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹಳೆಯ ಶ್ರೇಣಿಯಲ್ಲಿ ವರ್ಷಕ್ಕೆ 150 ರೂಪಾಯಿಯ ಬಡ್ತಿ ಇತ್ತು. ಆಮೇಲೆ ಅದು ಶೇಕಡ 3 ಆಯಿತು. ಮೊದಲನೆಯದು ಸರಳರೇಖೆ, ಎರಡನೆಯದು ವರ್ಷ ಕಳೆದಂತೆ ಮೇಲಕ್ಕೆ ಬಾಗುತ್ತದೆ. ಏಕೆ ಎಂದು ಮಗಳನ್ನು ಕೇಳಿದೆ. ಬರೆದು ನೋಡಿ, ‘ಪ್ರತಿವರ್ಷ ಹೆಜ್ಜೆಯೇ ದೊಡ್ಡದಾಗ್ತಾ ಹೋಗುತ್ತೆ’ ಎಂದಳು. ಫಾರ್ಮುಲಾ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಮುಂಬೈಯಲ್ಲೋ ದೆಹಲಿಯಲ್ಲೋ ಭಾನುವಾರಗಳಂದು ಮಕ್ಕಳಿಗೆ ಕನ್ನಡ ಕಲಿಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಒಂದು ವಾರ ಪದ್ಯದ ಬದಲು ಒಂದು ಸಮೀಕರಣ ಕೊಟ್ಟು, ಅದನ್ನು ಕನ್ನಡದ ಒಂದು ವಾಕ್ಯವಾಗಿ ಹೇಳಿಸಿ. ನಮಗೇ ಹೇಳಲು ಬಾರದಿದ್ದರೆ ಮಕ್ಕಳ ಜೊತೆ ಕುಳಿತು ಕಲಿಯೋಣ. ಮುಂದಿನ ಗೋಷ್ಠಿಯಲ್ಲಿ ಆ ಕಬ್ಬಿಣದ ಕಡಲೆಯ ಮಾತು ಬಂದಾಗ, ದಯವಿಟ್ಟು ನಗಬೇಡಿ.