ಗಲಾಟೆ ಸಂಗೀತವೂ ನಮ್ಮ ಮಕ್ಕಳೂ

ಕಳೆದ ವರ್ಷ ಒಂದು ಶನಿವಾರ ನಮ್ಮ ಕನ್ನಡ ತರಗತಿಗೆ ಒಬ್ಬ ಹುಡುಗ ಕಪ್ಪು ಟೀ ಶರ್ಟ್ ತೊಟ್ಟು ಬಂದ. ಎದೆಯ ಮೇಲೆ ಅಸ್ಥಿಪಂಜರದಂಥ ಮುಖ, ಅದರ ಮೇಲೆ ಚೂಪು ಚೂಪಾದ ಅಕ್ಷರಗಳಲ್ಲಿ ‘ಐರನ್ ಮೇಡನ್’. ಬೋರ್ಡಿನ ಮೇಲೆ ಒತ್ತಕ್ಷರ ಬರೆಯುತ್ತಿದ್ದ ನಾವು ಕೈಯಲ್ಲಿದ್ದ ಮಾರ್ಕರ್ ಕೆಳಗಿಟ್ಟು, “ಇವರ ಯಾವ ಹಾಡು ನಿನಗಿಷ್ಟ?” ಎಂದು ಕೇಳಿದೆವು. ಅವನು ತಬ್ಬಿಬ್ಬಾಗಿ, “ಹಾಡಾ ಟೀಚರ್? ಇದು ಬಟ್ಟೆ ಕಂಪನಿ ಅಲ್ವಾ?” ಎಂದ.

ತರಗತಿ ಮುಗಿದ ಮೇಲೆ ಅವನ ತಾಯಿ ಬಾಗಿಲ ಬಳಿ ನಿಂತು, “ಟೀಚರ್, ಇಂಥದ್ದೆಲ್ಲ ಹಾಕ್ಕೊಂಡು ಬರಬೇಡ ಅಂತ ನೀವಾದ್ರೂ ಹೇಳಿ. ನಾವು ಹೇಳಿದ್ರೆ ಕೇಳಲ್ಲ” ಎಂದರು. ತಂದೆ ಕಾರಿನ ಕೀ ತಿರುಗಿಸುತ್ತಾ ಸುಮ್ಮನೆ ನಿಂತಿದ್ದರು. ಆಕೆ ಮುಂದೆ ಹೋದ ಮೇಲೆ ಮೆಲ್ಲಗೆ, “2007ರಲ್ಲಿ ಅರಮನೆ ಮೈದಾನಕ್ಕೆ ನಾನೂ ಹೋಗಿದ್ದೆ ಟೀಚರ್. ಮನೇಲಿ ಯಾರಿಗೂ ಹೇಳಿಲ್ಲ” ಎಂದರು.

ನಮಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ 2007ರ ಮಾರ್ಚ್ 17ರ ಆ ಶನಿವಾರ ಬೆಂಗಳೂರಿನ ಅದೇ ಮೈದಾನದಲ್ಲಿ ನಾವೂ ಇದ್ದೆವು, ಮನೆಯಲ್ಲಿ ‘ಕಂಬೈನ್ಡ್ ಸ್ಟಡಿ’ ಎಂದು ಹೇಳಿ! ಐರನ್ ಮೇಡನ್ ತಂಡ ಭಾರತಕ್ಕೆ ಬಂದದ್ದು ಅದೇ ಮೊದಲ ಸಲ. ಎಲ್ಲೆಲ್ಲಿಂದಲೋ ರೈಲು, ಬಸ್ಸು ಹತ್ತಿ ಬಂದ ಸಾವಿರಾರು ಹುಡುಗ ಹುಡುಗಿಯರು ಧೂಳಿನಲ್ಲಿ ನಿಂತು ಕಾದಿದ್ದರು. ಅವರಲ್ಲಿ ಎಷ್ಟು ಮಂದಿ ಈಗ ಬೇ ಏರಿಯಾದಲ್ಲಿ ತಂದೆತಾಯಿಗಳಾಗಿ, ಶನಿವಾರ ಮಕ್ಕಳನ್ನು ಭಾಷೆಯ ತರಗತಿಗೆ ಬಿಟ್ಟು, ಕಾಫಿ ಹಿಡಿದು ಪಾರ್ಕಿಂಗ್ ಲಾಟಿನಲ್ಲಿ ಕಾಯುತ್ತಿದ್ದಾರೋ ಯಾರು ಬಲ್ಲರು? ಆ ‘ಮನೇಲಿ ಹೇಳಿಲ್ಲ’ ಎನ್ನುವ ಮಾತೇ ಈ ಬರಹಕ್ಕೆ ಕಾರಣ.

ನಾವು ಮಕ್ಕಳಿಗೆ ನಮ್ಮ ಬಾಲ್ಯವನ್ನು ಹೇಳುವಾಗ ಬಹಳ ಸೋಸಿ ಹೇಳುತ್ತೇವೆ. ಅಜ್ಜಿಯ ಕೈತುತ್ತು, ಗಣೇಶನ ಹಬ್ಬ, ರಾಜಕುಮಾರ್ ಹಾಡು, ಮಳೆಗಾಲದ ಹಪ್ಪಳ. ಎಲ್ಲವೂ ನಿಜವೇ. ಆದರೆ ಅಣ್ಣನ ಕ್ಯಾಸೆಟ್ಟು ಕದ್ದು, ವಾಕ್‌ಮನ್ನಿನ ಬ್ಯಾಟರಿ ಮುಗಿಯುವವರೆಗೆ ಕೇಳಿದ್ದು? ನೂರೈವತ್ತು ಹಾಡು ತುಂಬಿದ ಎಂಪಿ3 ಸಿಡಿಯಲ್ಲಿ ಯಾವುದು ಯಾವ ಆಲ್ಬಮ್ಮಿನದು ಎಂದು ತಿಳಿಯದೆ, ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಪಟ್ಟಿ ಬರೆದುಕೊಂಡದ್ದು? ಅದನ್ನು ಹೇಳುವುದಿಲ್ಲ. ಎಂಬತ್ತರ ದಶಕದ ಆಲ್ಬಮ್ಮುಗಳು ನಮ್ಮ ಕೈಗೆ ಬಂದದ್ದೇ ಹದಿನೈದು ಇಪ್ಪತ್ತು ವರ್ಷ ತಡವಾಗಿ. ಬಂದದ್ದನ್ನು ಮಾತ್ರ ಬಿಡದೆ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿದೆವು. ಬೇರೆ ಕ್ಯಾಸೆಟ್ಟು ಇರಲಿಲ್ಲವಲ್ಲ!

ಪೋಷಕರ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಅದಕ್ಕೂ ಒಂದು ಚರಿತ್ರೆಯಿದೆ. 1985ರಲ್ಲಿ ಈ ದೇಶದ ಸೆನೆಟ್ಟಿನಲ್ಲೇ ರಾಕ್ ಹಾಡುಗಳ ಬಗ್ಗೆ ವಿಚಾರಣೆ ನಡೆಯಿತು. ಆಗ ಸೆನೆಟರ್ ಆಗಿದ್ದ ಆಲ್ ಗೋರ್ ಅವರ ಪತ್ನಿ ಟಿಪ್ಪರ್ ಗೋರ್ ಮೊದಲಾದವರು ಈ ಹಾಡುಗಳು ಮಕ್ಕಳನ್ನು ಕೆಡಿಸುತ್ತಿವೆ ಎಂದು ಸಂಘ ಕಟ್ಟಿ ಹೋರಾಡಿದರು. ಆಲ್ಬಮ್ಮುಗಳ ಮೇಲೆ ‘ಪೋಷಕರೇ ಗಮನಿಸಿ’ ಎಂಬ ಚೀಟಿ ಬಂದದ್ದು ಅದರ ಫಲ. ಚೀಟಿ ತಪ್ಪಲ್ಲ. ಆ ಕಾಲದ ಹಲವು ಆಲ್ಬಮ್ಮುಗಳಲ್ಲಿ ಕುಡಿತ, ಹೆಣ್ಣುಮಕ್ಕಳ ಬಗ್ಗೆ ಹಗುರ ಮಾತು ಧಾರಾಳವಾಗಿವೆ. ಗನ್ಸ್ ಎನ್ ರೋಸಸ್ ತಂಡದ 1987ರ ಮೊದಲ ಆಲ್ಬಮ್ಮು ನಮಗೆ ಬಹಳ ಪ್ರಿಯ, ಆದರೂ ಐದನೇ ತರಗತಿಯ ಮಗುವಿಗೆ ನಾವು ಅದನ್ನು ಕೇಳಿಸುವುದಿಲ್ಲ. ಅಂದಮಾತ್ರಕ್ಕೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಬೇಕೆ?

ಹೆಸರು ನೋಡಿ ಹೆದರುವುದೂ ಸರಿಯಲ್ಲ. ನಮ್ಮ ಮಾರ್ಗನ್ ಹಿಲ್ ಊರಿನ ಹೆಸರು ಕೇಳಿ ಎಲ್ಲರೂ ಅದು ಗುಡ್ಡದ ಹೆಸರು ಎಂದುಕೊಳ್ಳುತ್ತಾರೆ. ಅದು ಹೈರಮ್ ಮಾರ್ಗನ್ ಹಿಲ್ ಎಂಬ ಮನುಷ್ಯನ ಹೆಸರು, ಊರ ಬಳಿ ಕಾಣುವ ಗುಡ್ಡದ ಹೆಸರು ಎಲ್ ಟೋರೋ. ಹಾಗೆಯೇ ‘ಹೆವಿ ಮೆಟಲ್’ ಎಂದ ಕೂಡಲೇ ತಗಡು ಬಡಿಯುವ ಸದ್ದು ಎಂದುಕೊಳ್ಳಬಾರದು. ಅದರೊಳಗೆ ಇಂಪನ್ನೇ ಮುಖ್ಯ ಮಾಡಿಕೊಂಡ ಒಂದು ಪಂಗಡವಿದೆ. ಎರಡು ಗಿಟಾರುಗಳು ಒಂದೇ ರಾಗವನ್ನು ಬೇರೆ ಬೇರೆ ಸ್ವರದಿಂದ ಹಿಡಿದು, ಒಟ್ಟೊಟ್ಟಿಗೆ ಏರಿ ಇಳಿಯುತ್ತವೆ. ಅದರ ಮೇಲೆ ತಾರಸ್ಥಾಯಿಯಲ್ಲಿ ನಿಂತು ಹಾಡುವ ಗಾಯಕ. ಇರುಳಿಡೀ ಚೆಂಡೆಯ ಅಬ್ಬರದ ನಡುವೆ ಏರುದನಿಯ ಭಾಗವತಿಕೆ ಕೇಳಿ ಬೆಳೆದ ಕರಾವಳಿಯವರಿಗೆ ಇದು ಅಷ್ಟೇನೂ ಹೊಸದೆನಿಸಬಾರದು!

ಇನ್ನು ನಮ್ಮ ಮೆಚ್ಚಿನ ಆಲ್ಬಮ್ಮುಗಳ ಮಾತು. ಎಲ್ಲಕ್ಕಿಂತ ಮೇಲೆ ನಾವು ಇಡುವುದು ಐರನ್ ಮೇಡನ್ ತಂಡದ 1984ರ ‘ಪವರ್‌ಸ್ಲೇವ್’. ಅದರ ಕೊನೆಯ ಹಾಡು ಹದಿಮೂರು ನಿಮಿಷಕ್ಕೂ ಹೆಚ್ಚು. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕವನವನ್ನು ತಂಡದ ಸ್ಟೀವ್ ಹ್ಯಾರಿಸ್ ಹಾಡಾಗಿಸಿದರು. ನಾವಿಕನೊಬ್ಬ ಕಾರಣವಿಲ್ಲದೆ ಒಂದು ಕಡಲಹಕ್ಕಿಯನ್ನು ಕೊಲ್ಲುತ್ತಾನೆ. ಗಾಳಿ ನಿಲ್ಲುತ್ತದೆ, ಸುತ್ತ ನೀರೇ ಇದ್ದರೂ ಕುಡಿಯಲು ಹನಿಯಿಲ್ಲ, ಜೊತೆಗಾರರೆಲ್ಲ ಸಾಯುತ್ತಾರೆ. ಕಡಲಿನ ಜೀವಿಗಳ ಚೆಲುವನ್ನು ಕಂಡು ಅವನು ಮನಸಾರೆ ಹರಸಿದಾಗ ಶಾಪ ಸಡಿಲವಾಗುತ್ತದೆ. ಆಮೇಲೆ ಬದುಕಿಡೀ ಊರೂರು ಅಲೆದು ಆ ಕಥೆಯನ್ನು ಹೇಳುತ್ತಲೇ ಇರಬೇಕು. ಹಾಡಿನ ನಡುವೆ ಗಿಟಾರು, ಡ್ರಮ್ಮು ಎಲ್ಲ ತಗ್ಗಿ ಹಡಗಿನ ಮರ ಕಿರುಗುಟ್ಟುವ ಸದ್ದಷ್ಟೇ ಉಳಿಯುತ್ತದೆ. ಬಿ.ಎ. ತರಗತಿಯಲ್ಲಿ ಆ ಕವನವನ್ನು ನೋಟ್ಸ್ ಬರೆದು ಬಾಯಿಪಾಠ ಮಾಡಿದ್ದ ನಮಗೆ ಅದು ನಿಜಕ್ಕೂ ಅರ್ಥವಾದದ್ದು ಈ ಹಾಡಿನಿಂದ. ನಮ್ಮ ತರಗತಿಯಲ್ಲಿ ಪುಣ್ಯಕೋಟಿಯ ‘ಗೋವಿನ ಹಾಡ’ನ್ನು ಪದ್ಯ ಪದ್ಯವಾಗಿ ಹಾಡಿ, ಹುಲಿಯ ಕೊನೆಗೆ ಕಣ್ಣೀರಿಟ್ಟ ಮಕ್ಕಳಿದ್ದಾರೆ. ಅವರಿಗೆ ಹದಿಮೂರು ನಿಮಿಷದ ಕಥೆ ದೊಡ್ಡದಲ್ಲ. ಮೂವತ್ತು ಸೆಕೆಂಡಿಗೆ ಬೆರಳು ಮುಂದೆ ತಳ್ಳುವ ಅಭ್ಯಾಸ ಮಾಡಿಸಿದವರು ನಾವೇ.

ಎರಡನೆಯದು ಡೆಫ್ ಲೆಪರ್ಡ್ ತಂಡದ ‘ಹಿಸ್ಟೀರಿಯಾ’, 1987. ಸಾಹಿತ್ಯದ ದೃಷ್ಟಿಯಿಂದ ಇದರಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ, ನಿಜ ಹೇಳಬೇಕೆಂದರೆ ಕೆಲವು ಹಾಡುಗಳು ಬರೀ ಸಕ್ಕರೆ ಪಾಕ. ಆದರೆ ಅದರ ಹಿಂದಿನ ಕಥೆ ಕೇಳಿ. ತಂಡದ ಡ್ರಮ್ಮರ್ ರಿಕ್ ಆಲೆನ್‌ಗೆ 1984ರ ಡಿಸೆಂಬರ್ 31ರಂದು ಕಾರು ಅಪಘಾತವಾಗಿ ಎಡಗೈ ಹೋಯಿತು. ವಯಸ್ಸು ಇಪ್ಪತ್ತೊಂದು. ತಂಡದವರು ಬೇರೆ ಡ್ರಮ್ಮರನನ್ನು ತರಲಿಲ್ಲ, ಕಾದರು. ಎಡಗೈ ಬಾರಿಸುತ್ತಿದ್ದುದನ್ನು ಎಡಗಾಲಿನಿಂದ ಬಾರಿಸುವ ಹಾಗೆ ಪೆಡಲುಗಳ ಎಲೆಕ್ಟ್ರಾನಿಕ್ ಡ್ರಮ್ಮು ಮಾಡಿಸಿಕೊಂಡು ಆತ ಮತ್ತೆ ಕಲಿತ. ‘ಹಿಸ್ಟೀರಿಯಾ’ ಹೊರಬಂದದ್ದು ಆಮೇಲೆ. ಈ ಕಥೆ ಹೇಳಿದ ದಿನ ಗದ್ದಲದ ನಮ್ಮ ತರಗತಿ ಸದ್ದಿಲ್ಲದೆ ಕೂತಿತ್ತು.

ಡೀಪ್ ಪರ್ಪಲ್ ತಂಡದ 1972ರ ‘ಮಷೀನ್ ಹೆಡ್’, ಜರ್ಮನಿಯ ಸ್ಕಾರ್ಪಿಯನ್ಸ್ ತಂಡದ 1984ರ ‘ಲವ್ ಅಟ್ ಫಸ್ಟ್ ಸ್ಟಿಂಗ್’ ನಮ್ಮ ಅಣ್ಣಂದಿರ ಕಾಲದವು. ಕಾಲೇಜಿನ ಫೆಸ್ಟುಗಳಲ್ಲಿ ಗಿಟಾರು ಹಿಡಿದವರೆಲ್ಲ ಮೊದಲು ನುಡಿಸುತ್ತಿದ್ದುದು ‘ಮಷೀನ್ ಹೆಡ್’ನ ಆ ನಾಲ್ಕು ಸ್ವರಗಳನ್ನೇ. ಜರ್ಮನಿಯದೇ ಹೆಲೋವೀನ್ ತಂಡದ ‘ಕೀಪರ್ ಆಫ್ ದ ಸೆವೆನ್ ಕೀಸ್’ ಎರಡು ಭಾಗಗಳಲ್ಲಿ 1987 ಮತ್ತು 1988ರಲ್ಲಿ ಬಂತು. ಇಂಪಿನ ಮೆಟಲ್ ಎಂದರೆ ಏನು ಎಂದು ಕೇಳುವವರಿಗೆ ನಾವು ಕೊಡುವುದು ಇದನ್ನೇ.

ತಮಾಷೆಯೆಂದರೆ ಬೆಂಗಳೂರಿನಲ್ಲಿ ಕೂತು ನಾವು ಕನಸಿನಲ್ಲೆಂಬಂತೆ ಕೇಳುತ್ತಿದ್ದ ಎಷ್ಟೋ ಸಂಗೀತ ಹುಟ್ಟಿದ್ದು ಇಲ್ಲೇ, ನಮ್ಮ ಮಕ್ಕಳು ಸಾಕರ್ ಆಡಲು ಹೋಗುವ ಊರುಗಳಲ್ಲಿ. 1981ರ ‘ಎಸ್ಕೇಪ್’ ಆಲ್ಬಮ್ಮಿನ ಜರ್ನಿ ಸ್ಯಾನ್ ಫ್ರಾನ್ಸಿಸ್ಕೋದ ತಂಡ. ಅದಕ್ಕೆ 2007ರಲ್ಲಿ ಗಾಯಕನಾಗಿ ಬಂದ ಆರ್ನೆಲ್ ಪಿನೇಡಾ ಫಿಲಿಪ್ಪೀನ್ಸಿನವರು. ಯೂಟ್ಯೂಬಿನಲ್ಲಿ ಅವರ ಹಾಡು ಕೇಳಿ ತಂಡದವರೇ ಕರೆಸಿಕೊಂಡರು. ಮೆಟಾಲಿಕಾ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಬಾಸ್ ನುಡಿಸಿದ ಕ್ಲಿಫ್ ಬರ್ಟನ್ ಕ್ಯಾಸ್ಟ್ರೋ ವ್ಯಾಲಿಯ ಹುಡುಗ. ಅದೇ ವರ್ಷ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ಇಪ್ಪತ್ತನಾಲ್ಕಕ್ಕೇ ತೀರಿಕೊಂಡ. ಅವನು ಹುಟ್ಟಿದ ಫೆಬ್ರವರಿ 10ನ್ನು ಅಲಮೀಡಾ ಕೌಂಟಿಯವರು 2018ರಲ್ಲಿ ‘ಕ್ಲಿಫ್ ಬರ್ಟನ್ ದಿನ’ ಎಂದು ಘೋಷಿಸಿದರು. ಡೇಲಿ ಸಿಟಿಯ ಡೆತ್ ಏಂಜೆಲ್ ತಂಡವಂತೂ ಫಿಲಿಪ್ಪೀನ್ಸ್ ಮೂಲದ ಸೋದರ ಸಂಬಂಧಿಗಳೇ ಸೇರಿ ಕಟ್ಟಿದ್ದು. 1987ರ ಅವರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ಮು ಬಾರಿಸಿದವನಿಗೆ ಇನ್ನೂ ಹದಿನಾಲ್ಕು ವರ್ಷ. (ಇದು ಇಂಪಿನ ಸಂಗೀತವಲ್ಲ, ಎಚ್ಚರಿಕೆ!) ವಲಸೆ ಬಂದ ಕುಟುಂಬಗಳ ಮಕ್ಕಳು ಇಲ್ಲಿ ಬರೀ ಸ್ಪೆಲ್ಲಿಂಗ್ ಬೀಯಲ್ಲೇ ಗೆಲ್ಲಬೇಕೆಂದು ಎಲ್ಲೂ ಬರೆದಿಲ್ಲ.

“ಕನ್ನಡ ಕಲಿಸುವವರು ಇದನ್ನೆಲ್ಲ ಹೇಳುವುದೇ?” ಎಂದು ಕೇಳುವವರಿದ್ದಾರೆ. ಐರನ್ ಮೇಡನ್ ಬರುವುದಕ್ಕೆ ಎರಡು ವರ್ಷ ಮೊದಲು, 2005ರಲ್ಲಿ, ಅದೇ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ ನಡೆಯಿತು. ಭಾವಗೀತೆ ಕೇಳಲು ಜನಸಾಗರವೇ ಸೇರಿತ್ತು. ಎರಡಕ್ಕೂ ಹೋದವರು ನಮ್ಮಲ್ಲಿ ಹಲವರು. ಒಂದು ಕಿವಿಯಲ್ಲಿ ಕುವೆಂಪು, ಇನ್ನೊಂದರಲ್ಲಿ ಬ್ರೂಸ್ ಡಿಕಿನ್ಸನ್ ಇದ್ದರೆ ಕನ್ನಡಕ್ಕೇನೂ ಧಕ್ಕೆಯಾಗಲಿಲ್ಲ. ಬಿ.ಎಂ.ಶ್ರೀಯವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ತಂದಾಗಲೂ ಹೊರಗಿನ ಹಾಡೇ ಕನ್ನಡವನ್ನು ಹೊಸದು ಮಾಡಿತು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡ ನಾವು ಕೇಳಿದ್ದ ಇಂಥವೇ ಆಲ್ಬಮ್ಮುಗಳನ್ನು ಕೇಳಿ ಬೆಳೆದು, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂತು. ಅವರು ಹಾಡುವುದು ಇಂಗ್ಲಿಷಿನಲ್ಲಿ, ಅದೊಂದು ನಮ್ಮ ಕೊರಗು. ಎರಡು ಗಿಟಾರಿನ ಜೊತೆ ಷಟ್ಪದಿ ಹೇಗೆ ಕೇಳೀತು ಎಂದು ನಮಗೆ ಬಹಳ ದಿನದಿಂದ ಕುತೂಹಲ.

ಪೋಷಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಟೀ ಶರ್ಟ್ ಬಿಚ್ಚಿಸಬೇಡಿ, ಅದರೊಳಗಿನ ಹಾಡನ್ನು ಕೇಳಿಸಿ. ನಿಮ್ಮ ಪಾಲಿನ ಸುಳ್ಳನ್ನೂ ಹೇಳಿ. ಮಾರ್ಗನ್ ಹಿಲ್‌ನಿಂದ 101ರಲ್ಲಿ ಮೌಂಟನ್ ವ್ಯೂ ತಲುಪುವಷ್ಟರಲ್ಲಿ, ನಮ್ಮ ಟ್ರಾಫಿಕ್ಕಿನ ಕೃಪೆಯಿಂದ, ಐವತ್ತು ನಿಮಿಷದ ‘ಪವರ್‌ಸ್ಲೇವ್’ ಆಲ್ಬಮ್ಮು ಪೂರ್ತಿ ಮುಗಿಯುತ್ತದೆ. ವಾಲ್ಯೂಮ್ ಮಾತ್ರ ಅಮ್ಮಂದಿರ ಕೈಯಲ್ಲಿರಲಿ.

ಆ ತಂದೆ ಹಾಗೆಯೇ ಮಾಡಿದರು. ಮುಂದಿನ ವಾರ ಹುಡುಗ ಅದೇ ಟೀ ಶರ್ಟಿನಲ್ಲಿ ಬಂದು, “ಟೀಚರ್, ಆಲ್ಬಟ್ರಾಸ್‌ಗೆ ಕನ್ನಡದಲ್ಲಿ ಏನಂತಾರೆ?” ಎಂದು ಕೇಳಿದ. ಸದ್ಯಕ್ಕೆ ಹಾಗೇ ಬರೆ ಎಂದೆವು. ಬೋರ್ಡಿನ ಬಳಿ ಹೋಗಿ ಬರೆದ. ಟಕಾರಕ್ಕೆ ರಕಾರದ ಒತ್ತು ಸರಿಯಾಗಿ ಕೊಟ್ಟಿದ್ದ, ಲಕಾರಕ್ಕೆ ಬಕಾರದ ಒತ್ತು ಮರೆತಿದ್ದ.