ತೊಗರಿ ಹೂವಿಗೇನು ಕಡಿಮೆ?

ಮಹಿಳಾ ವಿಶೇಷಾಂಕಗಳಲ್ಲಿ ಬರುವ ಬಾಲ್ಯದ ನೆನಪುಗಳನ್ನು ಓದಿ ಓದಿ ನನಗೊಂದು ಸಂಶಯ ಹುಟ್ಟಿದೆ. ಕರ್ನಾಟಕದ ಹೆಣ್ಣುಮಕ್ಕಳೆಲ್ಲ ಒಂದೇ ಅಂಗಳದಲ್ಲಿ ಬೆಳೆದರೇನು? ಎಲ್ಲರ ತವರಿನಲ್ಲೂ ಪಾರಿಜಾತ ಉದುರುತ್ತದೆ, ಎಲ್ಲರ ಅಜ್ಜಿಯೂ ಮಲ್ಲಿಗೆ ಕಟ್ಟುತ್ತಾಳೆ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಶಿವಮೊಗ್ಗದವಳು ಹೀಗೆ ಬರೆದರೆ ಒಪ್ಪೋಣ. ನಮ್ಮ ಚಿತ್ತಾಪುರ, ಸೇಡಂ ಕಡೆಯವರೂ ಹೀಗೇ ಬರೆಯುತ್ತಾರಲ್ಲ, ಅದಕ್ಕೆ ನನ್ನ ತಕರಾರು. ನಮ್ಮ ಅಂಗಳಕ್ಕೆ ಹಾಸಿದ್ದು ಶಹಾಬಾದದ ಪರ್ಸಿ ಕಲ್ಲು. ಅದರೊಳಗೆ ಪಾರಿಜಾತ ಎಲ್ಲಿಂದ ಹುಟ್ಟಬೇಕು?

ನಮಗೂ ಹೂವುಗಳಿದ್ದವು. ಮುಂಗಾರಿಗೆ ಬಿತ್ತಿದ ತೊಗರಿ ದೀಪಾವಳಿಯ ಆಸುಪಾಸಿನಲ್ಲಿ ಹೂ ಹಿಡಿಯುತ್ತದೆ. ಹಳದಿ ಎಸಳು, ಅದರ ಬೆನ್ನಿಗೆ ಕೆಂಪು ಗೆರೆ. ನಮ್ಮವ್ವ ಅದನ್ನು ಚೆಂದವೆಂದು ಒಮ್ಮೆಯೂ ಅಂದವಳಲ್ಲ. ಹೊಲದಿಂದ ಬಂದವರನ್ನು "ಹೂ ನಿಂತದೇನು?" ಎಂದು ಕೇಳುತ್ತಿದ್ದಳು. ಮೋಡ ಮುಸುಕಿದರೆ, ಮಂಜು ಕವಿದರೆ ಹೂ ಉದುರುತ್ತದೆ. ಉದುರಿದರೆ ಕಾಯಿಲ್ಲ. ಕಾಯಿಲ್ಲದಿದ್ದರೆ ಕಿರಾಣಿ ಅಂಗಡಿಯ ಉದ್ದರಿ ತೀರದು, ಅಕ್ಕನ ಲಗ್ನ ಮುಂದಿನ ವರ್ಷಕ್ಕೆ ಹೋಯಿತೆಂದೇ ಲೆಕ್ಕ. ಒಂದು ಹೂವನ್ನು ಹೀಗೆ ಜೀವ ಕೈಯಲ್ಲಿ ಹಿಡಿದು ನೋಡಿದವಳಿಗಿಂತ ದೊಡ್ಡ ರಸಿಕರು ಯಾರು, ನೀವೇ ಹೇಳಿ. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೂವಿಗೆ ನಾವು ಅರ್ಧ ಪುಟವನ್ನೂ ಕೊಡಲಿಲ್ಲ.

ಇನ್ನು ಕುಸುಬಿ. ಮೈಯೆಲ್ಲ ಮುಳ್ಳು, ಸೀರೆ ಸೆರಗು ಬಿಡುವುದಿಲ್ಲ. ಅರಳುವಾಗ ಹಳದಿ, ಬಾಡುವಾಗ ಕೆಂಪು. ಈಗ ಎಣ್ಣೆಕಾಳೆಂದಷ್ಟೇ ಗೊತ್ತು. ಹಿಂದೆ ಅದರ ಎಸಳಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಕಾಳಿದಾಸನ 'ಋತುಸಂಹಾರ'ದ ವಸಂತದಲ್ಲಿ ಹೆಂಗಳೆಯರು ಉಡುವುದು ಕುಸುಂಭದ ಬಣ್ಣವನ್ನೇ. ಕಾಳಿದಾಸನಿಗೆ ಸಂದದ್ದು ಕಮ್ಮಟದ ಸಾಹಿತಿಗಳಿಗೆ ಸಲ್ಲಲಿಲ್ಲ! ಕೆಲವು ವರ್ಷಗಳ ಹಿಂದೆ ಒಂದು ಪ್ರಬಂಧ ಸ್ಪರ್ಧೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕುಸುಬಿ ಹೊಲದ ಬಗ್ಗೆ ಬರೆದಳು. ತೀರ್ಪುಗಾರರು "ಇದು ಕೃಷಿ ವಿಷಯ, ಸಾಹಿತ್ಯವಲ್ಲ" ಎಂದರು. ಬಹುಮಾನ ಹೋದದ್ದು ಮಲೆನಾಡಿನ ಮಳೆಗೆ. ಬರೆದ ಹುಡುಗಿ ಕಲಬುರಗಿಯಾಚೆ ಕಾಲಿಟ್ಟವಳಲ್ಲ.

ಚಿತ್ತಾಪುರದಲ್ಲಿ ರೈಲು ಹತ್ತಿ ಸೇಡಂ ದಾಟಿದರೆ ತಾಂಡೂರು, ತೆಲಂಗಾಣ. ಅಲ್ಲಿಯ ಹೆಂಗಸರು ಬತುಕಮ್ಮ ಹಬ್ಬದಲ್ಲಿ ತಂಗೇಡು ಹೂವನ್ನು ಗೋಪುರದ ಹಾಗೆ ಪೇರಿಸಿ, ಸುತ್ತ ಚಪ್ಪಾಳೆ ತಟ್ಟಿ ಹಾಡುತ್ತಾರೆ. 2014ರಲ್ಲಿ ಅದು ನಾಡಹಬ್ಬವಾಯಿತು, ಹೂವು ಆಮೇಲೆ ರಾಜ್ಯಪುಷ್ಪವಾಯಿತು. ತಂಗೇಡು ಎಂದರೆ ಬೇರೇನಲ್ಲ, ನಮ್ಮ ಆವರಿಕೆ. ಗಡಿಯ ಈಚೆ ಅದು ತಿಪ್ಪೆಯ ಮಗ್ಗುಲಿನ ಗಿಡ.

ಚೆಲುವು ಎಲ್ಲಿದ್ದರೂ ಚೆಲುವೇ, ಮಲ್ಲಿಗೆಯ ಮೇಲೇಕೆ ಸಿಟ್ಟು ಎನ್ನುವವರಿದ್ದಾರೆ. ನನಗೆ ಮಲ್ಲಿಗೆಯ ಮೇಲೆ ಸಿಟ್ಟಿಲ್ಲ, ದಿನಾ ಮುಡಿಯುತ್ತೇನೆ. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ 'ಮೈಸೂರ ಮಲ್ಲಿಗೆ' ತಂದಾಗ ತಮ್ಮ ಸೀಮೆಯ ಹೂವನ್ನೇ ಹಿಡಿದರು. ಅವರಿಂದ ನಾವು ಕಲಿಯಬೇಕಾದದ್ದು ಅದನ್ನು, ಕಲಿತದ್ದು ಮಲ್ಲಿಗೆಯನ್ನು. ಗೀತಾ ನಾಗಭೂಷಣ ಅವರು ಈ ನೆಲದ ಮಾತಿನಲ್ಲಿ, ಈ ನೆಲದ ಬಡವರ ಬಾಳನ್ನು 'ಬದುಕು' ಕಾದಂಬರಿಯಾಗಿ ಬರೆದರು. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕವಿರಾಜಮಾರ್ಗ ಹುಟ್ಟಿದ ಮಳಖೇಡ ನಮ್ಮ ಮಗ್ಗುಲಲ್ಲೇ ಇದೆ. ಇಷ್ಟಿದ್ದೂ ನೆನಪು ಬರೆಯಲು ಕೂತರೆ ನಮಗೆ ಪಾರಿಜಾತವೇ ಬೇಕು!

ಬಣ್ಣದ ಕಥೆಯೂ ಇದೇ. ಕಲ್ಲುಗಣಿಯ ಪಕ್ಕದ ಊರಿನ ಹುಡುಗಿಯೊಬ್ಬಳು ಚಿತ್ರಕಲೆಯ ತಾಸಿನಲ್ಲಿ ಬೇವಿನೆಲೆಗೆ ಬೂದಿ ಬಣ್ಣ ಹಚ್ಚಿದ್ದಳು. ಮಾಸ್ತರರು ಅದರ ಮೇಲೆ ಹಸಿರು ಬಳಿದು, ಎಲೆ ಹೀಗಿರತದ ನೋಡು ಎಂದು ತಿದ್ದಿದರು. ಅವಳು ಎದುರು ಮಾತಾಡಲಿಲ್ಲ. ಕಿಟಕಿಯಾಚೆ, ಕಲ್ಲಿನ ದೂಳು ಹೊತ್ತು ನಿಂತಿದ್ದ ಬೇವಿನ ಮರವನ್ನೊಮ್ಮೆ ನೋಡಿ, ಪುಟ ತಿರುವಿಹಾಕಿದಳು.